ಅಭಾವಕಾಲದ ಕಳ್ಳದಾಸ್ತಾನು ಮತ್ತು ಗ್ರಾಮಮುಖ್ಯಸ್ಥರ ಕರ್ತವ್ಯ

(ಉಡುಪಿ ಪ್ರಾಂತದ ಒಬ್ಬ ವ್ಯವಸಾಯ ಇನ್ಸ್‌ಪೆಕ್ಟರು, ಎಲ್. ಎಜಿ., ಇವರಿಂದ)

ಪದಾರ್ಥಗಳನ್ನು ಕೂಡಿಡುವುದೆಲ್ಲವೂ ಅಪರಾಧವಲ್ಲ. ಕೂಡಿಡುವ ಅಭ್ಯಾಸವಿಲ್ಲದೆ ಹೋಗಿದ್ದರೆ ನಮ್ಮ ಕರಾವಳಿಯ ಜನರು ಮಳೆಗಾಲವನ್ನು ಕಳೆಯುವುದೇ ದುಸ್ತರವಾಗುತ್ತಿದ್ದಿತು. ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳಲ್ಲಿ ಕೈಗೆ ಬಂದ ಭತ್ತವನ್ನು ಕಣಜಕ್ಕೆ ತುಂಬಿ, ಅಕ್ಕಿಯನ್ನು ಬೈಹುಲ್ಲಿನ ಮುಡಿಗಳಲ್ಲಿ ಕಟ್ಟಿ, ಆಟಿ ತಿಂಗಳ ಮುಗ್ಗಟ್ಟಿಗೆಂದು ಕಾಪಾಡಿಕೊಂಡು ಬಂದ ನಮ್ಮ ಹಿರಿಯರು ದೂರದರ್ಶಿಗಳೇ ಸರಿ. ಕೊಯ್ಲಿನ ಕಾಲದಲ್ಲಿ ಭತ್ತವನ್ನು ಕೊಂಡು, ದುರ್ಭರ ಕಾಲದಲ್ಲಿ ಮಿತವಾದ ಲಾಭಕ್ಕೆ ಮಾರುವ ವರ್ತಕನೂ ಸಮಾಜಕ್ಕೆ ಉಪಕಾರವನ್ನೇ ಮಾಡುವನು. ಏಕೆಂದರೆ ಅವನು ಸಮೃದ್ಧಿಯಿರುವ ಕಾಲದಿಂದ ಪದಾರ್ಥವನ್ನು ಎತ್ತಿ, ಕೊರತೆಯಿರುವ ಕಾಲಕ್ಕೆ ಸಾಗಿಸುತ್ತಾನೆ.

ಇದಕ್ಕೆ ಪೂರ್ಣವಾಗಿ ವಿರುದ್ಧವಾದ ಇನ್ನೊಂದು ಕೂಡಿಡುವಿಕೆಯುಂಟು. ಪದಾರ್ಥಕ್ಕೆ ಆಗಲೇ ಅಭಾವವುಂಟಾಗಿರುವಾಗ, ಉಳಿದಷ್ಟನ್ನೂ ಕೊಂಡು ಬಾಗಿಲು ಹಾಕಿಕೊಂಡು, 'ಮಾಲು ಇಲ್ಲ' ಎಂದು ಹೇಳಿ, ಗಿರಾಕಿಯು ಕೈಮುಗಿಯುವವರೆಗೆ ಕಾದಿದ್ದು, ಬಳಿಕ ಹಿಂಬಾಗಿಲಿನಿಂದ ಮಾರುವುದೇ ಅದು. ಮೊದಲನೆಯವನು ಕೊರತೆಯನ್ನು ತಗ್ಗಿಸಿ ಜೀವಿಸುತ್ತಾನೆ. ಎರಡನೆಯವನು ಕೊರತೆಯನ್ನು ಬೆಳೆಸಿ ಜೀವಿಸುತ್ತಾನೆ. ಈ ಎರಡನೆಯ ವಿಧವನ್ನೇ ಜನರು ಕಳ್ಳದಾಸ್ತಾನು ಎಂದೂ ಕಾಳಸಂತೆ ಎಂದೂ ಕರೆಯುವರು. ವ್ಯವಸಾಯಕ್ಕೆ ಬೇಕಾದ ಗೊಬ್ಬರ, ಅದರಲ್ಲಿಯೂ ಯೂರಿಯಾ, ಈ ವಿಧದ ವ್ಯಾಪಾರಕ್ಕೆ ಸಿಕ್ಕಿದಾಗ ಏನಾಗುವುದೆಂಬುದನ್ನೂ, ಅದನ್ನು ತಡೆಯಲು ಗ್ರಾಮದ ಮುಖ್ಯಸ್ಥರಿಗೂ ಜಮೀನುದಾರರಿಗೂ ಇರುವ ಶಕ್ತಿಯನ್ನೂ ಈ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದೆ.

ಹಿಂದಿನ ಕಾಲದ ಪಾಠ

ಈ ಪಿಡುಗು ಹೊಸದಲ್ಲ. ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದರೆ ಅಥವಾ ಅನ್ಯಾಯದ ಬೆಲೆಗೆ ಮಾರಿದರೆ ಅವರಿಗೆ ಸಾವಿರ ಪಣಗಳ ದಂಡವನ್ನು ವಿಧಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ವಿಧಿಯಿದೆ. ಅದರ ಘೋರಸ್ವರೂಪವು ಮಾತ್ರ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶಕ್ಕೆ ಪ್ರತ್ಯಕ್ಷವಾಯಿತು. ೧೯೪೨ನೆಯ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಗಲು, ಬರ್ಮಾದಿಂದ ವರ್ಷವರ್ಷವೂ ಬರುತ್ತಿದ್ದ ಅಕ್ಕಿಯು ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮವು ತಲೆದೋರಿತು. ಆ ಕ್ಷಾಮವನ್ನು ವಿಚಾರಿಸಲು ನೇಮಕವಾದ, ಸರ್ ಜಾನ್ ವುಡ್‌ಹೆಡ್ ಅವರ ಅಧ್ಯಕ್ಷತೆಯ ಆಯೋಗವು ೧೯೪೫ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಸುಮಾರು ೧೫ ಲಕ್ಷ ಜನರು ಮಡಿದರೆಂದೂ, ಆ ಅವಧಿಯಲ್ಲಿ ಸುಮಾರು ೧೫೦ ಕೋಟಿ ರೂಪಾಯಿಗಳ ಅಸಾಧಾರಣ ಲಾಭವು ಕೆಲವರ ಕೈಸೇರಿತೆಂದೂ ಆಯೋಗದವರು ಅಂದಾಜು ಮಾಡಿದರು. ಎಂದರೆ, ಸತ್ತ ಒಂದೊಂದು ಜೀವಕ್ಕೆ ಸಾವಿರ ರೂಪಾಯಿಯಂತೆ ಲಾಭವಾಯಿತೆಂದು ಲೆಕ್ಕ. ಮಡಿದವರ ಸಂಖ್ಯೆ ಇನ್ನೂ ಹೆಚ್ಚೆಂದು ಅನಂತರದ ವಿದ್ವಾಂಸರು ಹೇಳುತ್ತಾರೆ.

ಕಳ್ಳದಾಸ್ತಾನನ್ನೂ ದುರ್ಲಾಭವನ್ನೂ ತಡೆಯುವ ಸುಗ್ರೀವಾಜ್ಞೆಯು ೧೯೪೩ರಲ್ಲಿ ಹೊರಟಿತು. ೧೯೪೬ರಲ್ಲಿ ಅಗತ್ಯ ಸರಬರಾಯಿಗಳ ತಾತ್ಕಾಲಿಕ ಅಧಿಕಾರ ಕಾಯಿದೆಯೂ, ೧೯೫೫ರಲ್ಲಿ ಇಂದಿಗೂ ಜಾರಿಯಲ್ಲಿರುವ ಅಗತ್ಯ ವಸ್ತುಗಳ ಕಾಯಿದೆಯೂ ಬಂದವು. ಆದರೆ ಕಾಯಿದೆಯೊಂದರಿಂದಲೇ ಮನುಷ್ಯನ ದುರಾಶೆಯು ಅಡಗುವುದಿಲ್ಲ. ೨೦೨೦ನೆಯ ಮಾರ್ಚಿಯಲ್ಲಿ ಕೊರೊನಾ ಜಾಡ್ಯವು ಹರಡಲು, ಮುಖಗವುಸು ಮತ್ತು ಕೈ ಶುದ್ಧಿಯ ದ್ರಾವಣಗಳು ಅಂಗಡಿಗಳಿಂದ ಮಾಯವಾಗಿ ದುಬಾರಿ ಬೆಲೆಗೆ ಮಾರಾಟವಾದುದೂ, ಆ ತಿಂಗಳ ೧೩ನೆಯ ತಾರೀಖು ಅವುಗಳನ್ನು ಕೂಡ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಬೇಕಾಗಿ ಬಂದುದೂ ಎಲ್ಲರ ನೆನಪಿನಲ್ಲಿದೆ.

ನಮ್ಮ ರಾಜ್ಯದ ಅನುಭವ

ಗೊಬ್ಬರದ ವಿಷಯದಲ್ಲಿ ಕರ್ನಾಟಕಕ್ಕೆ ಕಹಿಯಾದ ಅನುಭವವಾಗಿದೆ. ೨೦೦೮ನೆಯ ಜೂನ್ ೧೦ರಂದು ಹಾವೇರಿಯಲ್ಲಿ, ಬಿತ್ತನೆಯ ಕಾಲಕ್ಕೆ ಗೊಬ್ಬರ ದೊರೆಯದೆ ರೊಚ್ಚಿಗೆದ್ದ ರೈತರ ಗುಂಪಿನ ಮೇಲೆ ಗೋಲಿಬಾರಾಗಿ, ಇಬ್ಬರು ರೈತರು ಪ್ರಾಣವನ್ನು ಕಳೆದುಕೊಂಡರು. ಗೊಬ್ಬರದ ಚೀಲಕ್ಕಾಗಿ ಮನುಷ್ಯನ ಜೀವ ಹೋಗಬಹುದೆಂದು ಅದುವರೆಗೆ ಯಾರೂ ಎಣಿಸಿರಲಿಲ್ಲ.

೨೦೨೫ನೆಯ ಮುಂಗಾರಿನಲ್ಲಿ ಮತ್ತೆ ಕೊರತೆ ಬಂದಿತು. ಆ ವರ್ಷ ಮಳೆಯು ಮೇ ೨೪ಕ್ಕೇ ಕೇರಳವನ್ನು ಮುಟ್ಟಿತು. ಬಿತ್ತನೆ ಬೇಗನೆ ಆರಂಭವಾಯಿತು. ಯೂರಿಯಾವನ್ನು ಬಹಳವಾಗಿ ಬೇಡುವ ಮುಸುಕಿನ ಜೋಳದ ವಿಸ್ತೀರ್ಣವು ಹೆಚ್ಚಿತು. ರಾಜ್ಯ ಸರ್ಕಾರದವರು ಜುಲೈ ತಿಂಗಳಲ್ಲಿ ಕೇಂದ್ರಕ್ಕೆ ತಿಳಿಸಿದ ಲೆಕ್ಕದಂತೆ, ಏಪ್ರಿಲ್‌ನಿಂದ ಜುಲೈವರೆಗೆ ಬರಬೇಕಾಗಿದ್ದ ಯೂರಿಯಾ ಸುಮಾರು ೬.೮೦ ಲಕ್ಷ ಟನ್ನು. ಬಂದದ್ದು ಸುಮಾರು ೫.೧೭ ಲಕ್ಷ ಟನ್ನು. ಅನೇಕ ಜಿಲ್ಲೆಗಳಲ್ಲಿ ರೈತರು ನಸುಕಿನಿಂದಲೇ ಸೊಸೈಟಿಗಳ ಮುಂದೆ ಸಾಲುಗಟ್ಟಿ ನಿಂತರು.

ಈ ಅಂಕಿಗಳನ್ನು ವಾಚಕರು ಸಾವಧಾನವಾಗಿ ನೋಡಬೇಕು. ಕೊರತೆಯಾದುದು ನಾಲ್ಕರಲ್ಲಿ ಒಂದು ಪಾಲು. ಪ್ರತಿಯೊಬ್ಬನೂ ನಾಲ್ಕು ಚೀಲದ ಕಡೆ ಮೂರನ್ನು ಕೊಂಡಿದ್ದರೆ, ಯಾರೊಬ್ಬರೂ ಬರಿಗೈಯಲ್ಲಿ ಮರಳಬೇಕಾಗಿರಲಿಲ್ಲ. ಆದರೆ ಕೊರತೆಯ ಸುದ್ದಿ ಹಬ್ಬಿದೊಡನೆ ಎರಡು ಚೀಲ ಬೇಕಾದವನು ಐದನ್ನು ಕೊಂಡನು. ಅಂಗಡಿಯವನು ಉಳಿದುದನ್ನು ಒಳಗೆ ಸೇರಿಸಿದನು. ಸಾಲಿನ ಕಡೆಯಲ್ಲಿದ್ದ ಬಡ ರೈತನಿಗೆ ಒಂದು ಚೀಲವೂ ದೊರೆಯದೆ ಹೋಯಿತು. ಸಹಿಸಬಹುದಾದ ಕೊರತೆಯನ್ನು ಸಹಿಸಲಾರದ ಕೊರತೆಯನ್ನಾಗಿ ಮಾಡುವ ಕೈಗಳು ಎರಡು: ಒಂದು ಮಾರುವವನದು, ಇನ್ನೊಂದು ಕೊಳ್ಳುವವನದು.

ಯಾರಿಗೆ ಎಷ್ಟು ಲಾಭ, ಯಾರಿಗೆ ಎಷ್ಟು ನಷ್ಟ

೪೫ ಕಿಲೋಗ್ರಾಂ ತೂಕದ ಯೂರಿಯಾ ಚೀಲಕ್ಕೆ ಚಿಲ್ಲರೆ ಮಾರಾಟದ ಬೆಲೆಯು, ಬೇವಿನೆಣ್ಣೆಯ ಲೇಪ ಮತ್ತು ತೆರಿಗೆಗಳೂ ಸೇರಿ, ೨೬೬ ರೂಪಾಯಿ ೫೦ ಪೈಸೆ. ಉಳಿದ ವೆಚ್ಚವನ್ನು ಕೇಂದ್ರ ಸರ್ಕಾರದವರು ಸಹಾಯಧನದ ಮೂಲಕ ಭರಿಸುವರು. ವ್ಯವಸಾಯದ ಬೆಲೆಯು ಇಷ್ಟು ಕಡಿಮೆಯಿರುವುದರಿಂದಲೇ, ಪ್ಲೈವುಡ್ಡಿನ ಅಂಟು ಮುಂತಾದ ಕೈಗಾರಿಕೆಗಳ ಕಡೆಗೆ ಈ ಚೀಲಗಳನ್ನು ಕಳ್ಳತನದಿಂದ ಸಾಗಿಸಲು ಆಸೆಯುಂಟಾಗುವುದು.

ಒಬ್ಬ ಚಿಲ್ಲರೆ ವ್ಯಾಪಾರಿಯು ೨೦೦ ಚೀಲಗಳನ್ನು ಹದಿನೈದು ದಿನ ಮುಚ್ಚಿಟ್ಟು, ಆಮೇಲೆ ಚೀಲಕ್ಕೆ ೪೦೦ ರೂಪಾಯಿಯಂತೆ ಮಾರಿದನೆಂದು ಇಟ್ಟುಕೊಳ್ಳೋಣ. ಚೀಲವೊಂದಕ್ಕೆ ೧೩೩ ರೂಪಾಯಿ ೫೦ ಪೈಸೆಯಂತೆ ಅವನಿಗೆ ದೊರೆಯುವ ಅಕ್ರಮ ಲಾಭವು ೨೬,೭೦೦ ರೂಪಾಯಿ. ಕೊಂಡವನು ಚೀಲಕ್ಕೆ ೧೩೩ ರೂಪಾಯಿ ೫೦ ಪೈಸೆ ಹೆಚ್ಚು ಕೊಟ್ಟುದೇ ತನಗಾದ ನಷ್ಟವೆಂದು ತಿಳಿಯುವನು. ಅದು ಸರಿಯಲ್ಲ. ನಿಜವಾದ ನಷ್ಟವು ಆ ಹದಿನೈದು ದಿನಗಳಲ್ಲಿದೆ.

ಭತ್ತದ ಪೈರಿಗೆ ಸಾರಜನಕವನ್ನು ಒಂದೇ ಸಲ ಕೊಡದೆ, ನಾಟಿಯ ಕಾಲದಲ್ಲಿ ಒಂದು ಭಾಗವನ್ನೂ, ತೆಂಡೆ ಒಡೆಯುವಾಗಲೂ ತೆನೆ ಮೂಡುವುದಕ್ಕೆ ಮುಂಚೆಯೂ ಮೇಲುಗೊಬ್ಬರವಾಗಿ ಉಳಿದ ಭಾಗವನ್ನೂ ಕೊಡಬೇಕು. ತೆಂಡೆ ಒಡೆಯುವ ಕಾಲದಲ್ಲಿ ಹಸಿದ ಪೈರು ಕೆಲವೇ ತೆಂಡೆಗಳನ್ನು ಬಿಡುವುದು. ಆ ಕಾಲವು ದಾಟಿದ ಮೇಲೆ ಎಷ್ಟು ಯೂರಿಯಾ ಸುರಿದರೂ ಎಲೆಯು ಕಪ್ಪಾಗಿ ಬೆಳೆದು, ರೋಗಕ್ಕೂ ಕೀಟಕ್ಕೂ ಎಡೆಯಾಗುವುದಲ್ಲದೆ, ಕಳೆದುಹೋದ ತೆಂಡೆಗಳು ಮರಳಿ ಬರಲಾರವು. ಎಕರೆಗೆ ಒಂದು ಚೀಲದ ಲೆಕ್ಕದಲ್ಲಿ ಆ ೨೦೦ ಚೀಲಗಳು ಕಡಿಮೆಯೆಂದರೂ ೨೦೦ ಎಕರೆಗೆ ಸಲ್ಲತಕ್ಕವು. ಎಕರೆಗೆ ಒಂದೇ ಒಂದು ಕ್ವಿಂಟಲ್ ಇಳುವರಿ ತಗ್ಗಿತೆಂದು ಎಣಿಸಿದರೂ ೨೦೦ ಕ್ವಿಂಟಲ್ ಭತ್ತವು ನಷ್ಟವಾಯಿತು. ೨೦೨೫-೨೬ನೆಯ ಸಾಲಿಗೆ ಸಾಧಾರಣ ಭತ್ತಕ್ಕೆ ನಿಗದಿಯಾದ ಬೆಂಬಲ ಬೆಲೆ ಕ್ವಿಂಟಲಿಗೆ ೨,೩೬೯ ರೂಪಾಯಿ. ಆ ಧಾರಣೆಯಲ್ಲಿ ನಷ್ಟವು ೪,೭೩,೮೦೦ ರೂಪಾಯಿ. ಒಬ್ಬನ ೨೬,೭೦೦ ರೂಪಾಯಿಗಾಗಿ ಊರು ಅದರ ಹದಿನೇಳು ಪಾಲಿಗಿಂತಲೂ ಹೆಚ್ಚನ್ನು ಕಳೆದುಕೊಂಡಂತಾಯಿತು. ಕಳ್ಳನು ಕದ್ದ ಒಡವೆಯಾದರೂ ಲೋಕದಲ್ಲಿ ಎಲ್ಲಿಯಾದರೂ ಇರುವುದು. ಈ ಭತ್ತವು ಯಾರ ಕಣಜಕ್ಕೂ ಸೇರದೆ ಹೋಗುವುದು.

ನಮಗೆ ನಿಜವಾಗಿ ಬೇಕಾಗುವುದೆಷ್ಟು

ಹೆದರಿಕೆಯಿಂದ ಹೆಚ್ಚಾಗಿ ಕೊಳ್ಳುವುದು ತಪ್ಪಬೇಕಾದರೆ ಪ್ರತಿಯೊಬ್ಬ ಜಮೀನುದಾರನೂ ತನ್ನ ಅಗತ್ಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಉದಾಹರಣೆಗೆ, ಎಕರೆ ಭತ್ತಕ್ಕೆ ೨೪ ಕಿಲೋ ಸಾರಜನಕವೂ ೧೨ ಕಿಲೋ ರಂಜಕವೂ ಬೇಕೆಂದು ಇಟ್ಟುಕೊಳ್ಳೋಣ. ರಂಜಕಕ್ಕಾಗಿ ೨೬ ಕಿಲೋ ಡಿ.ಎ.ಪಿ. ಹಾಕಿದರೆ, ಅದರಲ್ಲಿಯೇ ಸುಮಾರು ೪.೭ ಕಿಲೋ ಸಾರಜನಕವು ದೊರೆಯುವುದು. ಉಳಿದ ೧೯.೩ ಕಿಲೋಗೆ, ನೂರಕ್ಕೆ ೪೬ ಪಾಲು ಸಾರಜನಕವಿರುವ ಯೂರಿಯಾ ೪೨ ಕಿಲೋ ಸಾಕು. ಎಂದರೆ ಎಕರೆಗೆ ಪೂರಾ ಒಂದು ಚೀಲವೂ ಬೇಕಾಗಿಲ್ಲ. ಹಟ್ಟಿಗೊಬ್ಬರವನ್ನೂ ಸೊಪ್ಪನ್ನೂ ಹಾಕಿದ ಗದ್ದೆಗೆ ಇದಕ್ಕಿಂತಲೂ ಕಡಿಮೆ ಸಾಕಾಗಬಹುದು. ಮಣ್ಣಿನ ಪರೀಕ್ಷೆಯನ್ನು ಮಾಡಿಸಿದವನಿಗೆ ತನ್ನ ಗದ್ದೆಯ ಸರಿಯಾದ ಲೆಕ್ಕ ತಿಳಿಯುವುದು.

ಅಂಬಲಪಾಡಿ ಮತ್ತು ಅದರ ನೆರೆಯ ಕಿದಿಯೂರು, ಕಡೆಕಾರು ಮುಂತಾದ ನಗರದಂಚಿನ ಗ್ರಾಮಗಳಲ್ಲಿ ಹಿಡುವಳಿಗಳು ಚಿಕ್ಕವು. ಮನೆಗಳೂ ಹೆದ್ದಾರಿಯೂ ಬಿಟ್ಟು ಉಳಿದ ಬೈಲುಗದ್ದೆಗಳಲ್ಲಿ ಅರ್ಧ ಎಕರೆ, ಒಂದು ಎಕರೆ ಮಾಡುವವರೇ ಬಹಳ. ಇಂಥವನಿಗೆ ಬೇಕಾದುದು ಒಂದೇ ಚೀಲ. ಅದನ್ನು ಮೊದಲೇ ಕೊಂಡಿಡಲು ಅವನಲ್ಲಿ ಹಣವೂ ಸ್ಥಳವೂ ಇರುವುದಿಲ್ಲ. ಬೇಕಾದ ದಿನವೇ ಅಂಗಡಿಗೆ ಹೋಗುವನು. ಕಳ್ಳದಾಸ್ತಾನಿನ ಪೆಟ್ಟು ಮೊದಲು ಬೀಳುವುದು ಇವನ ಮೇಲೆಯೇ. ೧೯೭೬ರಲ್ಲಿ ಉತ್ಪಾದನೆಯನ್ನಾರಂಭಿಸಿದ ಪಣಂಬೂರಿನ ಗೊಬ್ಬರದ ಕಾರ್ಖಾನೆಯು ಇಲ್ಲಿಂದ ಸುಮಾರು ೫೦ ಕಿಲೋಮೀಟರು ಮಾತ್ರ. ಆದರೂ ಕಾರ್ಖಾನೆ ಸಮೀಪದಲ್ಲಿದ್ದ ಮಾತ್ರಕ್ಕೆ ಚೀಲವು ಬಡವನ ಗದ್ದೆಗೆ ಬಂದು ಬೀಳುವುದಿಲ್ಲ. ಸರ್ಕಾರದ ಹಂಚಿಕೆಯೂ, ಸಗಟು ವರ್ತಕನೂ, ಚಿಲ್ಲರೆ ಅಂಗಡಿಯೂ ನಡುವೆ ಇವೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವುದರಿಂದ, ನೀರು ಹರಿಯುತ್ತಿರುವಾಗ ಎರಚಿದ ಯೂರಿಯಾವು ತೋಡಿಗೆ ಹೋಗಿ ಸೇರುವುದು. ಆದುದರಿಂದ ಮಳೆ ಬಿಡುವು ಕೊಟ್ಟ ದಿನ ಗದ್ದೆಯ ನೀರನ್ನು ಬಸಿದು, ಕಳೆಯನ್ನು ಕಿತ್ತು, ಗೊಬ್ಬರವನ್ನು ಹಾಕಿ, ಕಂಡಿಯನ್ನು ಎರಡು ದಿನ ಕಟ್ಟಿಡಬೇಕು. ಹೀಗೆ ಮಾಡುವವನ ಒಂದು ಚೀಲವು ಅಜಾಗ್ರತೆಯವನ ಒಂದೂವರೆ ಚೀಲಕ್ಕೆ ಸಮ. ಕುಮ್ಕಿಯಿಂದ ಸೊಪ್ಪನ್ನು ತಂದು ಹಟ್ಟಿಗೆ ಹಾಸಿ ಗೊಬ್ಬರ ಮಾಡುತ್ತಿದ್ದ ಹಿರಿಯರ ಪದ್ಧತಿಯನ್ನು ಪೂರ್ತಿಯಾಗಿ ಕೈಬಿಟ್ಟವರು ಅಂಗಡಿಯವನ ಮರ್ಜಿಗೆ ಪೂರ್ತಿಯಾಗಿ ಒಳಗಾಗಿದ್ದಾರೆಂಬುದನ್ನೂ ಮರೆಯಲಾಗದು.

ಕಾಯಿದೆಯಲ್ಲಿ ಏನಿದೆ

ಅಗತ್ಯ ವಸ್ತುಗಳ ಕಾಯಿದೆಯ ಪಟ್ಟಿಯಲ್ಲಿ ರಸಗೊಬ್ಬರವೂ, ಆಹಾರ ಬೆಳೆಗಳ ಬಿತ್ತನೆ ಬೀಜವೂ ಸೇರಿವೆ. ಈ ಕಾಯಿದೆಯ ಕೆಳಗೆ ಹೊರಟ ೧೯೮೫ರ ರಸಗೊಬ್ಬರ ನಿಯಂತ್ರಣ ಆದೇಶದ ಕೆಲವು ನಿಬಂಧನೆಗಳನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು. ಅಂಗಡಿಯಲ್ಲಿ ಆ ದಿನದ ದಾಸ್ತಾನನ್ನೂ ಬೆಲೆಯನ್ನೂ ಎಲ್ಲರಿಗೂ ಕಾಣುವಂತೆ ಬರೆದಿಡಬೇಕೆಂದು ೪ನೆಯ ಖಂಡವೂ, ಕೊಂಡವನಿಗೆ ರಶೀದಿಯನ್ನು ಕೊಡಲೇಬೇಕೆಂದು ೫ನೆಯ ಖಂಡವೂ ವಿಧಿಸುತ್ತವೆ. ಗೊಬ್ಬರವನ್ನು ಭೂಮಿಯ ಫಲವತ್ತತೆಗಲ್ಲದೆ ಬೇರೆ ಕೆಲಸಕ್ಕೆ ಉಪಯೋಗಿಸುವುದನ್ನು ೨೫ನೆಯ ಖಂಡವು ತಡೆಯುತ್ತದೆ. ಉಲ್ಲಂಘಿಸಿದವನಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದೆ ಏಳು ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸಬಹುದು; ಜಿಲ್ಲಾಧಿಕಾರಿಗಳು ಮಾಲನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ೧೯೮೦ರ ಕಾಳಸಂತೆ ತಡೆ ಕಾಯಿದೆಯಂತೆ ಅಪರಾಧಿಯನ್ನು ಆರು ತಿಂಗಳವರೆಗೆ ಮುಂಜಾಗ್ರತೆಯ ಬಂಧನದಲ್ಲಿಡುವ ಅಧಿಕಾರವೂ ಸರ್ಕಾರಕ್ಕುಂಟು.

೨೦೧೮ರಿಂದ ಸಹಾಯಧನದ ಗೊಬ್ಬರವನ್ನು ಪಿ.ಓ.ಎಸ್. ಯಂತ್ರದ ಮೂಲಕ, ಕೊಳ್ಳುವವನ ಗುರುತನ್ನು ದಾಖಲಿಸಿಯೇ ಮಾರಬೇಕಾಗಿದೆ. ಕಳ್ಳದಾಸ್ತಾನುಗಾರನಿಗೆ ಇದರಿಂದ ಅಡ್ಡಿಯಾಯಿತೇನೋ ನಿಜ; ಆದರೆ ಅವನು ಉಪಾಯವನ್ನು ಕಂಡುಕೊಳ್ಳದೆ ಇಲ್ಲ. ಒಂದು ಚೀಲ ಕೊಂಡ ರೈತನ ಹೆಸರಿನಲ್ಲಿ ಹತ್ತು ಚೀಲಗಳನ್ನು ನಮೂದಿಸಿದರೆ, ಯಂತ್ರದ ಲೆಕ್ಕದಲ್ಲಿ ಮಾಲು ಮಾರಾಟವಾಗಿ ಹೋಗಿರುವುದು. ಉಗ್ರಾಣದಲ್ಲಿ ಮಾತ್ರ ಒಂಬತ್ತು ಚೀಲಗಳು ಉಳಿದಿರುವುವು. ಆಗ ತನಿಖೆಗೆ ಬಂದ ಇನ್ಸ್‌ಪೆಕ್ಟರನಿಗೆ ಕಾಣಿಸುವ ಸಾಕ್ಷ್ಯವು ಆ ರೈತನ ಹೆಬ್ಬೆರಳಿನ ಗುರುತೇ. ತಿಳಿಯದೆ ಒತ್ತಿದ ಬೆರಳು ಕಳ್ಳದಾಸ್ತಾನಿಗೆ ಹೊದಿಕೆಯಾಗುವುದು.

ಚಿಲ್ಲರೆ ವ್ಯಾಪಾರಿಗಳೆಲ್ಲರೂ ವಂಚಕರೆಂದು ಹೇಳುವುದು ಅನ್ಯಾಯ. ಯೂರಿಯಾದ ಮೇಲೆ ಅವರಿಗೆ ದೊರೆಯುವ ನ್ಯಾಯವಾದ ಲಾಭವು ಅಲ್ಪ. ಬೇಡದ ಬೇರೆ ಸರಕುಗಳನ್ನು ಕೊಂಡರೆ ಮಾತ್ರ ಯೂರಿಯಾ ಕೊಡುವೆವೆಂದು ಸಗಟು ವರ್ತಕರು ಅವರನ್ನು ಬಲವಂತಪಡಿಸುವುದುಂಟು. ಅವರು ಅದೇ ಬಲವಂತವನ್ನು ರೈತನ ಮೇಲೆ ಹೇರುವುದೂ ಉಂಟು. ಸರ್ಕಾರದವರು ಈ ಜೋಡಣೆಯ ಮಾರಾಟವನ್ನು ನಿಷೇಧಿಸಿದ್ದಾರೆ. ಇಂಥ ಬಲವಂತಕ್ಕೆ ಸಿಕ್ಕಿದ ಪ್ರಾಮಾಣಿಕ ವ್ಯಾಪಾರಿಯು ಸುಮ್ಮನಿರದೆ ಇಲಾಖೆಗೆ ತಿಳಿಸುವಂತೆ ಊರಿನವರು ಧೈರ್ಯ ಕೊಡಬೇಕು.

ಗ್ರಾಮಮುಖ್ಯಸ್ಥರು ಮಾಡತಕ್ಕ ಕೆಲಸ

ಇನ್ಸ್‌ಪೆಕ್ಟರನು ಒಂದು ಅಂಗಡಿಗೆ ವರ್ಷದಲ್ಲಿ ಕೆಲವೇ ದಿನ ಬರಬಲ್ಲನು. ಗ್ರಾಮದ ಮುಖ್ಯಸ್ಥನು ಆ ಬೀದಿಯಲ್ಲಿ ದಿನವೂ ಓಡಾಡುವನು. ಆದುದರಿಂದ ಪಂಚಾಯತಿಯ ಅಧ್ಯಕ್ಷರೂ, ಗುತ್ತಿನ ಯಜಮಾನರೂ, ಜಮೀನುದಾರರೂ ಈ ಕೆಳಗಿನ ಕ್ರಮಗಳನ್ನು ಕೈಕೊಳ್ಳಬೇಕೆಂದು ಸೂಚಿಸಲಾಗುತ್ತದೆ.

೧. ಏಪ್ರಿಲ್ ತಿಂಗಳಲ್ಲಿಯೇ ಗ್ರಾಮದ ಏಣೆಲು ಗದ್ದೆಗಳ ಎಕರೆವಾರು ಲೆಕ್ಕವನ್ನು ಮಾಡಿ, ಎಷ್ಟು ಚೀಲ ಬೇಕೆಂಬುದನ್ನು ವ್ಯವಸಾಯ ಸೇವಾ ಸಹಕಾರಿ ಸಂಘಕ್ಕೂ ರೈತ ಸಂಪರ್ಕ ಕೇಂದ್ರಕ್ಕೂ ಬರೆದುಕೊಡಬೇಕು. ಬೇಡಿಕೆಯು ಕಾಗದದಲ್ಲಿ ಮೊದಲೇ ಇದ್ದರೆ, ಕೊರತೆಯ ಕಾಲದಲ್ಲಿ ಕೇಳುವುದಕ್ಕೆ ಆಧಾರವಿರುವುದು.

೨. ಮಾಲು ಸುಲಭವಾಗಿ ದೊರೆಯುವ ಕಾಲದಲ್ಲಿ ಸಂಘವು ಒಂದು ಬೆಳೆಯ ಅಗತ್ಯವನ್ನು ತರಿಸಿಟ್ಟುಕೊಳ್ಳಬೇಕು. ಇದು ಮೊದಲು ಹೇಳಿದ ಅಕ್ಕಿಮುಡಿಯ ಕೂಡಿಡುವಿಕೆಗೆ ಸಮಾನವೇ ಹೊರತು ಕಳ್ಳದಾಸ್ತಾನಲ್ಲ. ಯೂರಿಯಾ ತೇವವನ್ನು ಹೀರಿ ಗಟ್ಟಿಯಾಗುವುದರಿಂದ, ಚೀಲಗಳನ್ನು ನೆಲಕ್ಕೆ ಸೋಕದಂತೆ ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರವಾಗಿ ಇಡಬೇಕು.

೩. ಅಂಗಡಿಯ ಮುಂದಿನ ದಾಸ್ತಾನು ಫಲಕವನ್ನು ವಾರಕ್ಕೆ ಒಮ್ಮೆಯಾದರೂ ಓದಿ, ಬರೆದುಕೊಳ್ಳಬೇಕು. ಫಲಕದಲ್ಲಿ ಮಾಲು ಇದ್ದು, ಮಾರುವವನು ಇಲ್ಲವೆಂದರೆ, ಆ ದಿನವೇ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಬೇಕು.

೪. ರಶೀದಿಯಿಲ್ಲದೆ ಒಂದು ಚೀಲವನ್ನೂ ಕೊಳ್ಳಬಾರದು. ರಶೀದಿಯಲ್ಲಿ ಚೀಲಗಳ ಸಂಖ್ಯೆಯನ್ನೂ ಬೆಲೆಯನ್ನೂ ಓದದೆ ಯಂತ್ರಕ್ಕೆ ಬೆರಳನ್ನು ಒತ್ತಬಾರದು. ಓದು ಬರಹ ಬಾರದವನಿಗೆ ನೆರೆಯವನು ಓದಿ ಹೇಳಬೇಕು. ಹೆಚ್ಚು ಬೆಲೆ ತೆಗೆದುಕೊಂಡನೆಂಬ ದೂರಿಗೆ ರಶೀದಿಯಷ್ಟು ಬಲವಾದ ಸಾಕ್ಷಿ ಬೇರೊಂದಿಲ್ಲ.

೫. ಹತ್ತಾರು ಎಕರೆಯ ಜಮೀನುದಾರರು ತಮ್ಮ ಒಕ್ಕಲಿನ ಲೆಕ್ಕಕ್ಕೆ ಮೀರಿ ಒಂದು ಚೀಲವನ್ನೂ ಕೊಳ್ಳಬಾರದು. ಕೊರತೆಯ ಕಾಲದಲ್ಲಿ ಮೊದಲ ಮೇಲುಗೊಬ್ಬರಕ್ಕೆ ಬೇಕಾದಷ್ಟನ್ನು ಮಾತ್ರ ಎಲ್ಲರೂ ತೆಗೆದುಕೊಂಡು, ಎರಡನೆಯದನ್ನು ಮುಂದಿನ ಲಾರಿಗೆ ಬಿಡುವುದೆಂದು ಊರ ಸಭೆಯಲ್ಲಿ ಗೊತ್ತುಮಾಡಬೇಕು. ದೊಡ್ಡವರು ಸಾಲಿನ ಹಿಂದೆ ನಿಂತರೆ ಚಿಕ್ಕವರ ಹೆದರಿಕೆಯು ತಾನಾಗಿಯೇ ಶಮನವಾಗುವುದು.

ಈ ಕಾರ್ಯಕ್ಕೆ ನಮ್ಮ ನಾಡಿನಲ್ಲಿ ಮಾದರಿಗಳಿಗೆ ಕೊರತೆಯಿಲ್ಲ. ೧೯೦೫ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ವ್ಯವಸಾಯ ಸಹಕಾರಿ ಸಂಘವನ್ನು ಸ್ಥಾಪಿಸಿದರು. ನಮ್ಮ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಮೊಳಹಳ್ಳಿ ಶಿವರಾಯರು ೧೯೦೯ರಲ್ಲಿ ಪುತ್ತೂರಿನಲ್ಲಿ ಸಹಕಾರಕ್ಕೆ ಅಡಿಗಲ್ಲನ್ನಿಟ್ಟು, ೧೯೧೪ರಲ್ಲಿ ದಕ್ಷಿಣ ಕನ್ನಡದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. ಆಗ ರೈತನನ್ನು ಹಿಂಡುತ್ತಿದ್ದುದು ಬಡ್ಡಿ. ಈಗ ಹಿಂಡುವುದು ಅಭಾವ. ಒಬ್ಬೊಬ್ಬನಾಗಿ ನಿಂತ ರೈತನನ್ನೇ ಎರಡೂ ಹಿಡಿಯುತ್ತವೆ.

ಇಲ್ಲಿ ಹೇಳಿದ ನ್ಯಾಯವು ಯೂರಿಯಾಕ್ಕೆ ಮಾತ್ರವಲ್ಲ, ಬಿತ್ತನೆ ಬೀಜಕ್ಕೂ, ಕಾರ್ಕಳದ ಕಡೆ ಅಡಕೆಯ ಕೊಳೆರೋಗಕ್ಕೆ ಮಳೆಗೆ ಮುಂಚೆ ಬೇಕಾಗುವ ಮೈಲುತುತ್ತಿಗೂ ಅನ್ವಯಿಸುವುದು. ಋತುವಿಗೆ ಕಟ್ಟುಬಿದ್ದ ಯಾವ ಪದಾರ್ಥವೇ ಆಗಲಿ, ಅದರ ಬೆಲೆಯು ರೂಪಾಯಿಯಲ್ಲಿ ಮಾತ್ರವಲ್ಲ, ದಿನಗಳಲ್ಲಿಯೂ ಇದೆ. ಕಾಳಸಂತೆಯವನು ಮಾರುವುದು ನಮ್ಮ ದಿನಗಳನ್ನೇ.

ಬೆಲೆಯನ್ನು ಸರ್ಕಾರವು ಗೊತ್ತುಮಾಡಬಹುದು, ಅಪರಾಧಿಯನ್ನು ನ್ಯಾಯಸ್ಥಾನವು ಶಿಕ್ಷಿಸಬಹುದು. ಆದರೆ ನ್ಯಾಯಸ್ಥಾನದ ತೀರ್ಪು ಬರುವ ವೇಳೆಗೆ ಪೈರಿನ ತೆಂಡೆ ಒಡೆಯುವ ಕಾಲವು ದಾಟಿಹೋಗಿರುವುದು. ಅದು ದಾಟುವ ಮೊದಲು ತಡೆಯಬಲ್ಲವರು ಊರಿನಲ್ಲಿಯೇ ಇರುವವರು. ಬರುವ ಏಪ್ರಿಲ್ ತಿಂಗಳಲ್ಲಿ ಪ್ರತಿಯೊಂದು ಗ್ರಾಮದ ಎಕರೆವಾರು ಪಟ್ಟಿಯು ಸಹಕಾರಿ ಸಂಘವನ್ನು ತಲುಪುವಂತೆ ಮುಖ್ಯಸ್ಥರು ಶ್ರಮವಹಿಸುವರೆಂದು ನಂಬಲಾಗಿದೆ.